ಸೆಕೆಯ ಊರಿನ ಕೋಳಿ

(ಅಂಕೋಲೆ ತಾಲೂಕಿನ ಗಂಗಾವಳಿ ದಂಡೆಯ ಹಳ್ಳಿಯೊಂದರಲ್ಲಿ, ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ, ಶಾಲೆಯ ಅಂಗಳದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಹೆಂಗಸರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಬಿಡದೆ ಸೇರಿಸಿದ್ದೇನೆ.)

ಅಕ್ಕಂದಿರೇ, ತಂಗಿಯರೇ, ಮುಂದೆ ಚಾಪೆಯ ಮೇಲೆ ಕೂತ ಅಜ್ಜಿಯರೇ, ಎಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಕೋಳಿ ಉಳಿಸಿಕೊಳ್ಳುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಎಂದು ಕರೆದಿದ್ದೀರಿ. ನಾನು ಪಶುವೈದ್ಯೆ ಅಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಹುಟ್ಟಿದಾಗಿನಿಂದ ಕೋಳಿಗಳ ನಡುವೆಯೇ ಬೆಳೆದವಳು. ಶಾಲೆಯಲ್ಲಿ ಕಲಿಸಿದ ಪಾಠಕ್ಕೂ ನನ್ನ ಹಿತ್ತಲಿಗೂ ನಂಟಿದೆ ಎಂದು ನನಗೆ ಅರ್ಥವಾದದ್ದು ಒಂದು ಕೆಟ್ಟ ದಿನ. ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ವರ್ಷ ನಮ್ಮ ಹಿತ್ತಲಿಗೆ ಮುಂಗುಸಿ ಬರಲು ಹಿಡಿಯಿತು. ಒಂದೇ ವಾರದಲ್ಲಿ ಮೂರು ಹೇಂಟೆ ಹೋದವು. ಹಳೆಯ ಬಿದಿರು ತಟ್ಟಿಯ ಗೂಡನ್ನು ಕಿತ್ತು ಹಾಕಿಸಿ ಚಿರೇಕಲ್ಲಿನ ಗಟ್ಟಿ ಗೂಡು ಕಟ್ಟಿಸಿದೆ. ಮೂರು ಕಡೆ ಗೋಡೆ, ಮೇಲೆ ತಗಡಿನ ಶೀಟು, ಮುಂದೆ ಒಂದು ಮರದ ಬಾಗಿಲು. ಇಲಿಯೂ ನುಸುಳುವ ಹಾಗಿರಲಿಲ್ಲ. ಮೇ ತಿಂಗಳು, ಬಂಡಿಹಬ್ಬಕ್ಕೆ ಇನ್ನೊಂದು ವಾರ ಇತ್ತು, ಕುಮಟೆಯಲ್ಲಿ ನೆಂಟರ ಮದುವೆ. ಮನೆಯಲ್ಲಿ ಯಾರೂ ಇರುವುದಿಲ್ಲ, ಹೊರಗೆ ಬಿಟ್ಟರೆ ಮುಂಗುಸಿ ಹಿಡಿದೀತು ಎಂದು ಹದಿನೈದು ಕೋಳಿಗಳನ್ನೂ ಒಳಗೆ ಹಾಕಿ, ಸ್ಟೀಲ್ ಬೋಗುಣಿಯಲ್ಲಿ ನೀರಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ಹೋದೆವು. ಸಂಜೆ ನಾಲ್ಕೂವರೆಗೆ ಬಂದು ಬಾಗಿಲು ತೆಗೆದರೆ ಏಳು ಸತ್ತು ಬಿದ್ದಿದ್ದವು.

ಉಳಿದ ಎಂಟನ್ನು ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಸೀರೆಯ ಸೆರಗು ಎತ್ತಿದ ಹಾಗೆ ನಿಂತಿದ್ದವು. ಬಾಯಿ ತೆರೆದಿತ್ತು. ಗಂಟಲ ಕೆಳಗಿನ ತೊಗಲು ಪಟಪಟ ಬಡಿಯುತ್ತಿತ್ತು. ನಾನು ಹೋದರೂ ಒಂದೂ ಜಾಗ ಬಿಟ್ಟು ಏಳಲಿಲ್ಲ. ಒಂದು ಬಿಳಿ ಹೇಂಟೆ ಮಾತ್ರ ಬೋಗುಣಿಯ ಒಳಗೆ ಎರಡೂ ಕಾಲಿಟ್ಟು ನಿಂತಿತ್ತು. ನೀರಿನಲ್ಲಿ ಬೆರಳದ್ದಿದೆ. ಸ್ನಾನಕ್ಕೆ ತೋಡಿದ ನೀರಿನಷ್ಟು ಬಿಸಿ. ತಗಡಿಗೆ ಅಂಗೈ ತಾಗಿಸಲು ಆಗಲಿಲ್ಲ.

ಆ ದಿನ ಊರಿನ ಬಿಸಿಲು ಎಷ್ಟಿತ್ತು ಗೊತ್ತೇ? 34 ಡಿಗ್ರಿ. ರಾಯಚೂರು, ಕಲಬುರಗಿ ಕಡೆ 42 ಡಿಗ್ರಿಯಲ್ಲೂ ಮನೆಮನೆಯಲ್ಲಿ ಕೋಳಿ ಸಾಕುತ್ತಾರೆ. ಹಾಗಾದರೆ ನಮ್ಮ 34ಕ್ಕೆ ಏಳು ಕೋಳಿ ಸತ್ತದ್ದು ಯಾಕೆ?

ಇದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ. ಬಿಸಿಲು ಬೇರೆ, ಸೆಕೆ ಬೇರೆ. ಬಯಲುಸೀಮೆಯದು ಬಿಸಿಲು. ನಮ್ಮದು ಸೆಕೆ.

ಕೋಳಿಗೆ ಬೆವರು ಇಲ್ಲ. ಅದರ ತೊಗಲಿನಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಅದರ ಮೈ ನಮ್ಮದಕ್ಕಿಂತ ಬಿಸಿ, ಆರೋಗ್ಯವಾಗಿರುವಾಗಲೇ 41ರಿಂದ 42 ಡಿಗ್ರಿ. ನಮಗೆ ಅಷ್ಟು ಏರಿದರೆ ಆಸ್ಪತ್ರೆಗೆ ಓಡಬೇಕು. ಇಷ್ಟು ಬಿಸಿ ಮೈಯನ್ನು, ಅದೂ ಗರಿಯ ಕಂಬಳಿ ಹೊದ್ದ ಮೈಯನ್ನು, ಕೋಳಿ ತಂಪು ಮಾಡಿಕೊಳ್ಳುವುದು ಎರಡು ದಾರಿಯಲ್ಲಿ. ಒಂದು, ಗರಿ ಇಲ್ಲದ ಕಡೆಯಿಂದ: ಜುಟ್ಟು, ಗದ್ದದ ಕೆಳಗೆ ಜೋತುಬೀಳುವ ತೊಗಲು, ಕಾಲು, ರೆಕ್ಕೆಯ ಒಳಮೈ. ಅದಕ್ಕೇ ಆ ಬಿಳಿ ಹೇಂಟೆ ನೀರಿನಲ್ಲಿ ಕಾಲಿಟ್ಟುಕೊಂಡಿದ್ದು. ಇನ್ನೊಂದು ದಾರಿ ಉಸಿರು. ಬಾಯಿ ತೆರೆದು ಬೇಗ ಬೇಗ ಉಸಿರಾಡಿದರೆ ಗಂಟಲಿನ, ಶ್ವಾಸನಾಳದ ಪಸೆ ಆರುತ್ತದೆ. ಆರುವಾಗ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ನೆರಳಲ್ಲಿ ಆರಾಮಾಗಿ ಕೂತ ಕೋಳಿ ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ಸಲ ಉಸಿರಾಡಿದರೆ, ಸೆಕೆಯಲ್ಲಿ ಅದು ನೂರೈವತ್ತು ದಾಟುತ್ತದೆ.

ಈಗ ಒಂದು ಒದ್ದೆ ಬಟ್ಟೆಯನ್ನು ನೆನೆದುಕೊಳ್ಳಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಗರಿಗರಿ ಆಗುತ್ತದೆ. ನಮ್ಮಲ್ಲಿ? ಬಿಸಿಲಿಗೇ ಹಾಕಬೇಕು, ಗಾಳಿಯೂ ಬೀಸಬೇಕು. ಕೋಣೆಯೊಳಗೆ ಹಾಕಿದ ಬಟ್ಟೆ ಮಾರನೇ ದಿನವೂ ತಣ್ಣಗೆ ಜಿಡ್ಡಾಗಿಯೇ ಇರುತ್ತದೆ. ಕಡಲಿನ ಪಸೆ ತುಂಬಿದ ಗಾಳಿ ಇನ್ನಷ್ಟು ಪಸೆಯನ್ನು ಹೀರಿಕೊಳ್ಳುವುದಿಲ್ಲ. ಕೋಳಿಯ ಗಂಟಲೂ ಆ ಬಟ್ಟೆಯ ಹಾಗೆಯೇ. ಎಷ್ಟು ಏದುಸಿರು ಬಿಟ್ಟರೂ ಆರದು, ಮೈ ತಣಿಯದು. ಮೇಲಾಗಿ ಏದುಸಿರು ಬಿಡುವುದೂ ಒಂದು ದುಡಿಮೆ, ಆ ದುಡಿಮೆಯಿಂದ ಮೈ ಮತ್ತಷ್ಟು ಬಿಸಿಯಾಗುತ್ತದೆ. ನಾನು ಗಾಳಿಯಾಡದ ಗೂಡಿನಲ್ಲಿ ಹದಿನೈದು ಕೋಳಿ ಹಾಕಿದ್ದೆ. ಒಂದೊಂದು ಕೋಳಿಯ ಉಸಿರಿನ ಪಸೆಯೂ ಅದೇ ಗೂಡಿನಲ್ಲಿ ತುಂಬಿತು. ಮುಂಗುಸಿಯಿಂದ ಕಾಪಾಡಲು ಹೋಗಿ ಉಸಿರಿನ ದಾರಿಯನ್ನೇ ಮುಚ್ಚಿದ್ದೆ.

ಹವಾಮಾನ ಇಲಾಖೆಯ ಲೆಕ್ಕದಲ್ಲೂ ಇದು ಬರುತ್ತದೆ. ಬಿಸಿಗಾಳಿ ಎಂದು ಘೋಷಿಸಲು ಬಯಲಿನ ಊರುಗಳಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇದ್ದರೆ ಸಾಕು.

ಇನ್ನೊಂದು ಮಾತು. ನನ್ನ ತಂಗಿಯನ್ನು ಶಿರಸಿ ಕಡೆ ಕೊಟ್ಟಿದೆ. ಅವಳ ಮನೆಯ ಕೋಳಿಗಳೂ ಏಪ್ರಿಲ್ ಮಧ್ಯಾಹ್ನ ಬಾಯಿ ತೆರೆಯುತ್ತವೆ. ಆದರೆ ರಾತ್ರಿ ಘಟ್ಟದ ಮೇಲೆ ತಂಪು ಬೀಳುತ್ತದೆ, ಬೆಳಗಾಗುವಷ್ಟರಲ್ಲಿ ಕೋಳಿ ಚೇತರಿಸಿಕೊಂಡಿರುತ್ತದೆ. ನಮ್ಮಲ್ಲಿ ಮೇ ತಿಂಗಳ ರಾತ್ರಿ 26, 27 ಡಿಗ್ರಿಯ ಕೆಳಗೆ ಇಳಿಯುವುದೇ ಕಷ್ಟ. ಹಗಲು ದಣಿದ ಕೋಳಿಗೆ ರಾತ್ರಿಯೂ ಬಿಡುವಿಲ್ಲ. ಮೂರು ನಾಲ್ಕು ದಿನ ಒಂದೇ ಸಮನೆ ಸೆಕೆ ಹಿಡಿದರೆ ನಾಲ್ಕನೇ ದಿನ ಕೋಳಿ ಬೀಳುವುದು ಇದಕ್ಕೇ. ಆ ದಿನದ ಬಿಸಿಲು ಹಿಂದಿನ ದಿನಕ್ಕಿಂತ ಕಡಿಮೆಯೇ ಇದ್ದಿರಬಹುದು.

ಮೊಬೈಲಿನಲ್ಲಿ ನೀವೆಲ್ಲ ವಿಡಿಯೋ ನೋಡುತ್ತೀರಿ. ಗೂಡಿನ ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಒಳಗೆ ನೀರು ಸಿಂಪಡಿಸಿ ಎಂದು ಹೇಳುತ್ತಾರೆ. ದಾವಣಗೆರೆ, ಬಳ್ಳಾರಿ ಕಡೆಯವರಿಗೆ ಅದು ಒಳ್ಳೆಯ ಉಪಾಯ. ಅಲ್ಲಿಯ ಒಣ ಗಾಳಿಗೆ ಗೋಣಿ ಆರುತ್ತದೆ, ಗೂಡು ತಂಪಾಗುತ್ತದೆ. ನಮ್ಮಲ್ಲಿ ಗಾಳಿ ನಿಂತ ಮಧ್ಯಾಹ್ನ ಒದ್ದೆ ಗೋಣಿ ಕಟ್ಟಿದರೆ ಗಾಳಿಯೂ ಅಡ್ಡವಾಯಿತು, ಒಳಗಿನ ಪಸೆಯೂ ಹೆಚ್ಚಿತು. ಗಾಳಿ ಬೀಸುತ್ತಿರುವಾಗ, ಗಾಳಿ ಬರುವ ಕಡೆ, ಗೂಡಿನಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ನೀರು ಚಿಮುಕಿಸಿ. ಅದು ಸರಿ. ಗೂಡಿನೊಳಗೆ ಮಾತ್ರ ನೀರು ಬೇಡ.

ಹಾಗಾದರೆ ನಮಗೆ ಮೊದಲು ಬೇಕಾದ್ದು ಗಾಳಿ. ನೆರಳು ಎರಡನೆಯದು, ನೀರು ಮೂರನೆಯದು. ಗಾಳಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮ ಊರಿನಲ್ಲಿ ಅದೊಂದು ಇಕ್ಕಟ್ಟಿನ ವಿಷಯ.

ಬೇಸಿಗೆಯಲ್ಲಿ ನೆಲ ಕಾದ ಮೇಲೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಸಂಜೆವರೆಗೂ ಬೀಸುತ್ತದೆ. ರಾತ್ರಿ ಅದು ತಿರುಗಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಹೋಗುತ್ತದೆ. ಅಂದರೆ ಹಗಲಿನ ಗಾಳಿ ಪಡುವಣದ್ದು, ರಾತ್ರಿಯದು ಮೂಡಣದ್ದು. ಗೂಡಿಗೆ ಈ ಎರಡೂ ಕಡೆ ಬಾಯಿ ಇರಬೇಕು, ಒಂದರಿಂದ ಹೊಕ್ಕ ಗಾಳಿ ಇನ್ನೊಂದರಿಂದ ಹೊರಗೆ ಹೋಗಬೇಕು. ಆದರೆ ಮಧ್ಯಾಹ್ನ ಎರಡರ ಮೇಲಿನ ಸುಡುಬಿಸಿಲೂ ಪಡುವಣದಿಂದಲೇ ಬರುತ್ತದೆ. ಜೂನ್‌ನಲ್ಲಿ ಮಳೆ ಹೊಡೆಯುವುದೂ ಅದೇ ಕಡೆಯಿಂದ. ಒಂದೇ ದಿಕ್ಕಿನಿಂದ ಬೇಕಾದ್ದು ಒಂದು, ಬೇಡವಾದದ್ದು ಎರಡು. ನಾವು ಸಾಮಾನ್ಯವಾಗಿ ಬೇಡವಾದ್ದಕ್ಕೆ ಹೆದರಿ ಪಡುವಣ ಗೋಡೆಯನ್ನು ಪೂರ್ತಿ ಮುಚ್ಚಿಬಿಡುತ್ತೇವೆ.

ನಾನು ಮಾಡಿಕೊಂಡದ್ದು ಹೀಗೆ. ಪಡುವಣ ಗೋಡೆಯನ್ನು ಮಂಡಿಯ ಮಟ್ಟಕ್ಕೆ ಇಳಿಸಿದೆ. ಅದರ ಮೇಲೆ ಸೂರಿನವರೆಗೂ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿಯ ಮೆಶ್. ಮೂಡಣಕ್ಕೂ ಹಾಗೆಯೇ. ಮುಂಗುಸಿಗೆ ಅರ್ಧ ಇಂಚಿನಲ್ಲಿ ನುಸುಳಲು ಬರುವುದಿಲ್ಲ, ಹಾವಿಗೂ ಕಷ್ಟ. ಕೋಳಿಬಲೆ ಎಂದು ಮಾರುವ ತೆಳು ತಂತಿಯದು ಬೇಡ, ಅದನ್ನು ಮುಂಗುಸಿ, ನಾಯಿ ಕಿತ್ತು ಹಾಕುತ್ತವೆ. ಸೂರನ್ನು ಪಡುವಣ ಕಡೆ ಮೂರು ಅಡಿ ಮುಂದಕ್ಕೆ ಚಾಚಿಸಿದೆ. ಅದರಾಚೆ ನಾಲ್ಕು ಮಾರು ದೂರದಲ್ಲಿ ಮಾವಿನ ಮರ, ನಮ್ಮ ಅಂಕೋಲೆಯ ಕರಿ ಇಶಾಡು, 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದೇ. ಅದರ ಕೆಳಕೊಂಬೆಗಳನ್ನು ಆಳೆತ್ತರದವರೆಗೆ ಸವರಿಸಿದೆ. ಮೇಲೆ ಎಲೆ ಬಿಸಿಲು ತಡೆಯುತ್ತದೆ, ಕೆಳಗೆ ಗಾಳಿಗೆ ದಾರಿ ಇದೆ. ಮೇ ಕೊನೆಗೆ ನಾವು ಮನೆಯ ಪಡುವಣ ಜಗುಲಿಗೆ ಮಡಲು ತಟ್ಟಿ ಕಟ್ಟುತ್ತೇವಲ್ಲ, ಆಗಲೇ ಗೂಡಿಗೂ ಒಂದು ತಟ್ಟಿ ಕಟ್ಟಿಬಿಡುವುದು. ಮಳೆಗಾಲ ಮುಗಿದ ಕೂಡಲೇ ಬಿಚ್ಚಬೇಕು. ಎಷ್ಟೋ ಮನೆಗಳಲ್ಲಿ ಆ ತಟ್ಟಿ ಮಾರ್ಚ್‌ವರೆಗೂ ಹಾಗೇ ಇರುವುದನ್ನು ನೋಡಿದ್ದೇನೆ.

ಸೂರಿಗೆ ಹಂಚಿದ್ದರೆ ಒಳ್ಳೆಯದು, ಸಂದಿನಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ತಗಡೇ ಇದ್ದರೆ ಮೇಲೆ ಮಡಲನ್ನೋ ಅಡಿಕೆ ಸೋಗೆಯನ್ನೋ ದಪ್ಪಗೆ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ಮಾಡು ಆಳೆತ್ತರಕ್ಕಿಂತ ಕೆಳಗಿರಬಾರದು. ನೆಲಕ್ಕೆ ಹಾಸುವ ಭತ್ತದ ಉಮಿ ಚಳಿಗಾಲದಲ್ಲಿ ಗೇಣುದ್ದ ಇದ್ದರೂ ನಡೆದೀತು, ಬೇಸಿಗೆಯಲ್ಲಿ ಎರಡು ಬೆರಳು ಸಾಕು. ದಪ್ಪ ಹಾಸು ಒಳಗೊಳಗೇ ಕೊಳೆತು ಬಿಸಿ ಕೊಡುತ್ತದೆ, ಗೊಬ್ಬರದ ಗುಂಡಿಯ ಹಾಗೆ. ಹತ್ತು ಕೋಳಿ ಹಿಡಿಸುವ ಗೂಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಆರು ಏಳನ್ನೇ ಇಟ್ಟುಕೊಳ್ಳಿ. ಮಾರುವ ಹುಂಜಗಳಿದ್ದರೆ ಬಂಡಿಹಬ್ಬಕ್ಕೆ ಕಾಯದೆ ಫೆಬ್ರವರಿಯಲ್ಲೇ ಮಾರಿಬಿಡಿ.

ನೀರಿನ ಮಾತು. ತತ್ತಿ ಇಡುವ ಹೇಂಟೆ ತಂಪು ದಿನಗಳಲ್ಲಿ ಕಾಲು ಲೀಟರ್ ಕುಡಿದರೆ ಸೆಕೆಯಲ್ಲಿ ಅರ್ಧ ಲೀಟರೂ ಸಾಲದು. ಬಿಸಿ ನೀರನ್ನು ಅದು ಕುಡಿಯುವುದಿಲ್ಲ, ಬಾಯಾರಿಕೊಂಡೇ ನಿಲ್ಲುತ್ತದೆ. ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ನೀರನ್ನು ಮಧ್ಯಾಹ್ನ ಕೊಡಬೇಡಿ. ಬಾವಿಯಿಂದ ಸೇದಿ ಮಣ್ಣಿನ ಅಗಲ ಪಾತ್ರೆಗೆ ಹಾಕಿ, ಮೂರು ನಾಲ್ಕು ಕಡೆ ಇಡಿ. ಒಂದೇ ಕಡೆ ಇಟ್ಟರೆ ಜೋರಿನ ಹೇಂಟೆಗಳು ಬಡವಾದವನ್ನು ಹತ್ತಿರ ಬಿಡುವುದಿಲ್ಲ.

ನದಿಮುಖದ ಹತ್ತಿರ, ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳ ಅಂಚಿನಲ್ಲಿ ಮನೆ ಇರುವವರು ಇಲ್ಲಿ ಬಹಳ ಜನ ಇದ್ದೀರಿ. ಏಪ್ರಿಲ್ ಬಂತೆಂದರೆ ನಿಮ್ಮ ಬಾವಿ ಉಪ್ಪಾಗುತ್ತದೆ. ನಾವು ಕುಡಿಯಲು ಬೇರೆ ಕಡೆಯಿಂದ ನೀರು ಹೊತ್ತು ತರುತ್ತೇವೆ, ಕೋಳಿಗೆ ಮಾತ್ರ ಅದೇ ಉಪ್ಪು ನೀರು ಹಾಕುತ್ತೇವೆ. ಉಪ್ಪು ನೀರು ಕುಡಿದ ಹೇಂಟೆಗೆ ಹಿಕ್ಕೆ ನೀರಾಗುತ್ತದೆ, ತತ್ತಿಯ ಸಿಪ್ಪೆ ತೆಳ್ಳಗಾಗುತ್ತದೆ. ಒಂದು ಕೊಡ ಸಿಹಿನೀರು ಹೆಚ್ಚಿಗೆ ತನ್ನಿ ಎಂದು ಕೇಳುವುದು ನನಗೂ ಸುಲಭವಲ್ಲ. ಆ ಕೊಡ ಹೊರುವವರು ಯಾರು ಎಂದು ನನಗೆ ಗೊತ್ತು. ಆದರೂ ಕೇಳುತ್ತೇನೆ, ಹತ್ತು ಹೇಂಟೆಗೆ ದಿನಕ್ಕೆ ಅರ್ಧ ಕೊಡ ಸಾಕು.

ಉಪ್ಪಿನ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ: ಉಪ್ಪು ಹಾಕಿ ಒಣಗಿಸಿದ ಮೀನಿನ ತಲೆ, ಬಾಲವನ್ನು ಕೋಳಿಗೆ ಹಾಕಬೇಡಿ. ಸೆಕೆಯಲ್ಲಂತೂ ಬೇಡವೇ ಬೇಡ. ಉಪ್ಪಿಲ್ಲದೆ ಬರೀ ಬಿಸಿಲಿಗೆ ಒಣಗಿದ ಸಣ್ಣ ಮೀನು ಆದೀತು. ಹಸಿ ಮೀನಿನ ಕರುಳು, ಕಿವಿರು ಬೇಯಿಸಿ ಹಾಕಿ.

ಇನ್ನು ಊಟದ ಹೊತ್ತು. ಯಾವುದೇ ಪ್ರಾಣಿಗೆ ತಿಂದದ್ದು ಅರಗುವಾಗ ಮೈ ಬಿಸಿಯಾಗುತ್ತದೆ. ಕೋಳಿಗೆ ತಿಂದ ನಾಲ್ಕರಿಂದ ಆರು ತಾಸಿನ ನಡುವೆ ಈ ಬಿಸಿ ಹೆಚ್ಚು. ಬೆಳಿಗ್ಗೆ ಮನೆಗೆಲಸ ಮುಗಿಸಿ ಹತ್ತು ಗಂಟೆಗೆ ಅಕ್ಕಿ ನುಚ್ಚು ಚೆಲ್ಲುವುದು ನಮ್ಮ ವಾಡಿಕೆ. ಲೆಕ್ಕ ಹಾಕಿ: ಎರಡರಿಂದ ನಾಲ್ಕು ಗಂಟೆಯ ಒಳಗೆ, ಹೊರಗಿನ ಸೆಕೆ ಕಟ್ಟಕಡೆಯ ಮೆಟ್ಟಿಲಿಗೆ ಏರಿದಾಗ, ಹೊಟ್ಟೆಯೊಳಗಿನ ಒಲೆಯೂ ಉರಿಯಲು ಹತ್ತುತ್ತದೆ. ಅದಕ್ಕೇ ಬೆಳಕು ಹರಿಯುವ ಮೊದಲೇ, ಐದೂವರೆ ಆರಕ್ಕೆ ಕಾಳು ಹಾಕಿ. ಎಂಟರ ಮೇಲೆ ಬೇಡ. ಮತ್ತೆ ಸಂಜೆ ಐದರ ಮೇಲೆ. ನಡುವೆ ಮೊಗೆಕಾಯಿಯ ತಿರುಳು, ಕಲ್ಲಂಗಡಿ ಸಿಪ್ಪೆ, ಹರಿವೆ ಸೊಪ್ಪು, ಇಂಥ ನೀರಿನಂಶದ್ದು ಹಾಕಬಹುದು. ಕೊಬ್ಬರಿ ಹಿಂಡಿಯನ್ನು ಸಂಜೆಗೆ ಇಟ್ಟುಕೊಳ್ಳಿ.

ಈ ಬುದ್ಧಿ ಕೋಳಿಗೇ ಇದೆ. ಬಿಟ್ಟು ಸಾಕಿದ ಕೋಳಿ ಮುಂಜಾನೆ ಮೇಯುತ್ತದೆ, ಮಧ್ಯಾಹ್ನ ಹಲಸಿನ ಬುಡದಲ್ಲಿ ದರಕು ಕೆದರಿ, ತಂಪು ಮಣ್ಣಿನಲ್ಲಿ ಗುಳಿ ಮಾಡಿಕೊಂಡು ಹೊರಳಿ ಮಲಗುತ್ತದೆ, ಹೊತ್ತು ಇಳಿದ ಮೇಲೆ ಮತ್ತೆ ಏಳುತ್ತದೆ. ಅದು ಮೂಲದಲ್ಲಿ ಕಾಡಿನ ನೆರಳಿನ ಹಕ್ಕಿ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಕಾಲಿನ ಹಳದಿ ಬಣ್ಣದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದವರು ತೋರಿಸಿದರು. ಬೂದು ಕಾಡುಕೋಳಿ ಎಂದರೆ ನಮ್ಮ ಘಟ್ಟದ್ದೇ. ಯಲ್ಲಾಪುರ ರಸ್ತೆಯಲ್ಲಿ ನಸುಕಿಗೆ ಹೋದರೆ ದಾಟುವುದು ಕಾಣುತ್ತದೆ. ನಿಮ್ಮ ಹೇಂಟೆಯ ಕಾಲು ಹಳದಿ ಇದ್ದರೆ ಅದರ ಮೈಯಲ್ಲಿ ಈ ಬೆಟ್ಟದ ಪಾಲೂ ಇದೆ. ನನಗೆ ಇದನ್ನು ಓದಿದ ದಿನ ಬಹಳ ಸಂತೋಷವಾಗಿತ್ತು, ಮಕ್ಕಳಿಗೂ ಹೇಳಿದ್ದೆ.

ತಳಿ ಯಾವುದು ಒಳ್ಳೆಯದು ಎಂದು ಬರುವಾಗಲೇ ಇಬ್ಬರು ಕೇಳಿದರು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನ ವನರಾಜ, ಇವು ಹಿತ್ತಲಿಗೆಂದೇ ಬಂದ ತಳಿಗಳು. ತತ್ತಿ ಜಾಸ್ತಿ, ತೂಕವೂ ಜಾಸ್ತಿ. ಊರಕೋಳಿ ವರ್ಷಕ್ಕೆ ಐವತ್ತು ಅರವತ್ತು ತತ್ತಿ ಇಟ್ಟರೆ ಅವು ನೂರು ದಾಟುತ್ತವೆ. ಆದರೆ ದೊಡ್ಡ ಮೈಯ ಕೋಳಿಗೆ ಸೆಕೆ ಬೇಗ ತಟ್ಟುತ್ತದೆ, ಕಾವಿಗೂ ಅವು ಸರಿಯಾಗಿ ಕೂರುವುದಿಲ್ಲ. ಗಾಳಿ, ನೆರಳು ಹೊಂದಿಸಲು ಆಗದವರು ಊರಕೋಳಿಯನ್ನೇ ಇಟ್ಟುಕೊಳ್ಳಿ. ಅದರಲ್ಲೂ ಬೋಳುಕತ್ತಿನ ಕೋಳಿ ಕಂಡರೆ ಬಿಡಬೇಡಿ. ನೋಡಲು ಚಂದ ಇಲ್ಲವೆಂದು ನಮ್ಮವರು ಅದನ್ನೇ ಮೊದಲು ಸಾರಿಗೆ ಹಾಕುತ್ತಾರೆ. ಕತ್ತಿನಲ್ಲಿ ಗರಿಯಿಲ್ಲದ್ದು, ಮೈಯಲ್ಲೂ ಗರಿ ಕಡಿಮೆ ಇರುವುದು ಸೆಕೆಯ ಊರಿಗೆ ದೊಡ್ಡ ವರ. ಒಂದು ಬೋಳುಕತ್ತಿನ ಹುಂಜ ಇಟ್ಟುಕೊಂಡರೆ ಮರಿಗಳಲ್ಲಿ ಅರ್ಧದಷ್ಟಾದರೂ ಹಾಗೆಯೇ ಹುಟ್ಟುತ್ತವೆ.

"ಟೀಚರ್, ಬ್ಯಾಸಿಗೆಲಿ ತತ್ತಿ ಸಿಪ್ಪೆ ಯಾಕೆ ಕಾಗದದ ಹಾಂಗೆ ಆಗ್ತದೆ?" ಎಂದು ನಡುವೆ ಒಬ್ಬಳು ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇದರ ಬೇರೂ ಉಸಿರಿನಲ್ಲೇ ಇದೆ. ತತ್ತಿಯ ಸಿಪ್ಪೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಮೇವಿನಿಂದಲೂ ಎಲುಬಿನಿಂದಲೂ ಬರುತ್ತದೆ. ಕಾರ್ಬೊನೇಟ್ ಆಗಬೇಕಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಬೇಕು. ಏದುಸಿರು ಬಿಟ್ಟಷ್ಟೂ ಅದು ಬಾಯಿಂದ ಹೊರಗೆ ಹೋಗಿಬಿಡುತ್ತದೆ. ಸೆಕೆಗೆ ಮೇವೂ ತಿನ್ನುವುದಿಲ್ಲ, ಹಾಗಾಗಿ ಕ್ಯಾಲ್ಸಿಯಮ್ಮೂ ಕಡಿಮೆ. ಎರಡೂ ಕಡೆಯಿಂದ ಕೊರತೆ ಬಿದ್ದು ಸಿಪ್ಪೆ ತೆಳ್ಳಗಾಗುತ್ತದೆ.

ಒಂದು ಕೊರತೆ ತುಂಬಲು ನಮ್ಮ ಹೊಳೆಯೇ ಇದೆ. ಬೆಳಚು ತಿಂದು ಚಿಪ್ಪಿಯನ್ನು ತೆಂಗಿನ ಬುಡಕ್ಕೆ ಎಸೆಯುತ್ತೀರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಚೆನ್ನಾಗಿ ತೊಳೆದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಒರಳಿನಲ್ಲಿ ಹೆಸರುಕಾಳಿನಷ್ಟು ದಪ್ಪಕ್ಕೆ ಕುಟ್ಟಿ. ಹಿಟ್ಟು ಮಾಡಬೇಡಿ. ಸಿಪ್ಪೆ ಕಟ್ಟುವ ಕೆಲಸಕ್ಕೆ ಹೇಂಟೆಯ ಹೊಟ್ಟೆಯಲ್ಲಿ ಸುಮಾರು ಇಪ್ಪತ್ತು ತಾಸು ಹಿಡಿಯುತ್ತದೆ, ಹೆಚ್ಚಿನದು ರಾತ್ರಿ ನಡೆಯುತ್ತದೆ. ತರಿ ಇದ್ದರೆ ಹೊಟ್ಟೆಯಲ್ಲಿ ನಿಧಾನ ಕರಗಿ ರಾತ್ರಿಯಿಡೀ ಒದಗುತ್ತದೆ. ಹಿಟ್ಟು ಬೇಗ ಜಾರಿ ಹೋಗುತ್ತದೆ. ಸಂಜೆ ಒಂದು ಕರಟದಲ್ಲಿ ಬೇರೆಯಾಗಿ ಇಟ್ಟುಬಿಡಿ, ಬೇಕಾದ ಹೇಂಟೆ ತಾನೇ ಹೆಕ್ಕಿಕೊಳ್ಳುತ್ತದೆ. ಎಲೆಗೆ ಹಚ್ಚುವ ಸುಟ್ಟ ಸುಣ್ಣ ಮಾತ್ರ ಹಾಕಬೇಡಿ, ಅದು ಗಂಟಲು ಸುಡುತ್ತದೆ.

ಕಾವಿಗೆ ಇಡುವ ತತ್ತಿಯ ಬಗ್ಗೆಯೂ ಒಂದು ಎಚ್ಚರ. ಗಂಡು ಸೇರಿದ ತತ್ತಿಯೊಳಗಿನ ಜೀವ ಇಪ್ಪತ್ತೆರಡು ಇಪ್ಪತ್ನಾಲ್ಕು ಡಿಗ್ರಿ ದಾಟಿದರೆ ಮೆಲ್ಲಗೆ ಎಚ್ಚರಾಗಲು ಶುರು. ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ 32 ಡಿಗ್ರಿಯಲ್ಲಿ ಹತ್ತು ದಿನ ಇಟ್ಟರೆ ಅದು ಅರ್ಧಂಬರ್ಧ ಬೆಳೆದು ಸತ್ತಿರುತ್ತದೆ. ಆಮೇಲೆ ಹೇಂಟೆ ಇಪ್ಪತ್ತೊಂದು ದಿನ ಕೂತರೂ ಪ್ರಯೋಜನವಿಲ್ಲ, ಪಾಪ. ನಮ್ಮ ಅವ್ವ ಕಾವಿನ ತತ್ತಿಯನ್ನು ದೇವರ ಕೋಣೆಯ ಮೂಲೆಯಲ್ಲಿ, ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳಿನ ಮೇಲೆ ಬಟ್ಟೆ ಹಾಸಿ ಇಡುತ್ತಿದ್ದಳು. ಐದು ದಿನಕ್ಕಿಂತ ಹಳೆಯದನ್ನು ಬೇಯಿಸಿಬಿಡುತ್ತಿದ್ದಳು. ಕಾವಿಗೆ ಕೂತ ಹೇಂಟೆ ಸೆಕೆಯಿದ್ದರೂ ಏಳುವುದಿಲ್ಲ, ಕೊಕ್ಕಿಗೆ ಎಟುಕುವ ಹಾಗೆ ನೀರಿಡಿ.

ಮರಿಗಳಿಗೆ ಮೊದಲ ವಾರ 35 ಡಿಗ್ರಿಯಷ್ಟು ಬೆಚ್ಚಗೆ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಬರಬೇಕು. ಪೇಟೆಯಿಂದ ಮರಿ ತಂದವರು ಏಪ್ರಿಲ್ ಮಧ್ಯಾಹ್ನವೂ ದೊಡ್ಡ ಬಲ್ಬು ಉರಿಸುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಹಗಲು ನಮ್ಮ ಊರೇ ಬಲ್ಬು. ರಾತ್ರಿಗೆ ಸಾಕು. ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ಮೂಲೆಗೆ ಹೋಗಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಚಿಂವ್ ಚಿಂವ್ ಎನ್ನುತ್ತಿದ್ದರೆ ಸರಿಯಾಗಿದೆ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗದ ಬಗ್ಗೆ ಹೇಳದೆ ಮುಗಿಸಲಾರೆ. ಬೇಸಿಗೆಯಲ್ಲಿ ಊರಿಗೆ ಊರೇ ಕೋಳಿ ಖಾಲಿಯಾಗುವುದು ಹೆಚ್ಚಾಗಿ ಇದರಿಂದ. ಬಾಯಿ ತೆರೆದ ಕೋಳಿ ಕಂಡರೆ ಸೆಕೆಯೋ ರೋಗವೋ ಎಂದು ತಿಳಿಯಲು ಒಂದು ಸುಲಭ ದಾರಿ: ನಸುಕಿಗೆ ಹೋಗಿ ನೋಡಿ. ಸೆಕೆಯಾದರೆ ಆ ಹೊತ್ತಿಗೆ ಬಾಯಿ ಮುಚ್ಚಿರುತ್ತದೆ. ನಸುಕಿಗೂ ಗೊರಗೊರ ಉಸಿರು, ಹಸಿರು ಹಿಕ್ಕೆ, ಕತ್ತು ತಿರುಚುವುದು ಕಂಡರೆ ಬೇರೆ ಮಾಡಿ, ಪಶು ಆಸ್ಪತ್ರೆಗೆ ಹೇಳಿ. ಬಂದ ಮೇಲೆ ಮದ್ದಿಲ್ಲ, ಬರದ ಹಾಗೆ ಲಸಿಕೆ ಇದೆ. ಮರಿ ಹುಟ್ಟಿದ ಏಳನೇ ದಿನದ ಆಸುಪಾಸು ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟೋ ಅದಕ್ಕೂ ಹೆಚ್ಚೋ ಇರುತ್ತದೆ, ಒಬ್ಬರ ಮನೆಯ ಹತ್ತು ಕೋಳಿಗೆ ಒಡೆದರೆ ದಂಡ. ನಿಮ್ಮದು ಸಂಘ, ಹತ್ತು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಳ್ಳಿ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಂದು, ಬೆಳಿಗ್ಗೆ ಏಳರೊಳಗೆ, ಕಲಸಿದ ಎರಡು ತಾಸಿನಲ್ಲಿ ಮುಗಿಸಬೇಕು. ಸೆಕೆಗೆ ದಣಿದ ಕೋಳಿಯನ್ನು ಮಧ್ಯಾಹ್ನ ಅಟ್ಟಿ ಹಿಡಿದು ಚುಚ್ಚಬೇಡಿ.

ಬಿದ್ದ ಕೋಳಿಗೆ ಏನು ಮಾಡುವುದು? ಮೊದಲು ಗಾಳಿ ಬರುವ ನೆರಳಿಗೆ ಒಯ್ಯಿರಿ. ಬಾವಿ ನೀರಿನಲ್ಲಿ ಕಾಲು, ಜುಟ್ಟು, ರೆಕ್ಕೆಯ ಒಳಗೆ ಒದ್ದೆ ಮಾಡಿ, ಬೀಸಣಿಗೆಯಿಂದ ಗಾಳಿ ಹಾಕಿ. ಐಸ್ ನೀರು ಬೇಡ. ಬಾಯಿ ಬಿಡಿಸಿ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ; ಕೊಕ್ಕಿನ ತುದಿ ತಾಗಿಸಿ, ಅದೇ ಕುಡಿಯಲಿ. ಚೇತರಿಸಿದ ಮೇಲೆ ಮಕ್ಕಳಿಗೆ ಕೊಡುವ ಓಆರ್‌ಎಸ್ ನೀರನ್ನು ಅರ್ಧ ದಿನ ಕೊಡಬಹುದು.

ಮಾತು ಮುಗಿದು ಎಲ್ಲರೂ ಏಳುವಾಗ ಚಾಪೆಯ ಮೇಲಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದರು. "ನಮ್ಮ ಗೂಡೂ ನಿಂದ್ರ ಹಾಂಗೇ ಅದೆ ಮಗಾ, ಬಂದು ನೋಡು" ಎಂದರು. ಹತ್ತಿರದಲ್ಲೇ ಮನೆ, ನಾಲ್ಕೈದು ಜನ ಜೊತೆಗೆ ಹೋದೆವು. ಚಿರೇಕಲ್ಲು, ತಗಡು, ಒಂದೇ ಬಾಗಿಲು. ಅಜ್ಜಿಯ ಮೊಮ್ಮಗ ಹಾರೆ ತಂದು ಪಡುವಣ ಗೋಡೆಯ ಮೇಲಿನ ಸಾಲಿನಲ್ಲಿ ಎರಡು ಕಲ್ಲು ಎಬ್ಬಿಸಿದ. ಆಮೇಲೆ ಮೂಡಣದಲ್ಲಿ ಎರಡು. ಹೊತ್ತು ಮುಳುಗುತ್ತಿತ್ತು, ಕಡಲ ಗಾಳಿ ಇನ್ನೂ ನಿಂತಿರಲಿಲ್ಲ. ಅಜ್ಜಿ ಗೂಡಿನೊಳಗೆ ಬಗ್ಗಿ, ಮೂಡಣದ ಕಿಂಡಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ಹಾಗೇ ಇದ್ದರು. ಹೊರಗೆ ಬಂದವರೇ, ಅಂಗಡಿ ಮುಚ್ಚುವ ಮೊದಲು ಅಂಕೋಲೆಗೆ ಹೋಗಿ ಅರ್ಧ ಇಂಚಿನ ಮೆಶ್ ತರಲು ಮೊಮ್ಮಗನನ್ನು ಓಡಿಸಿದರು. ಅದು ಬರುವವರೆಗೆ ಕಿಂಡಿಗೆ ಅಡ್ಡ ಇಡಲು ಮೀನಿನ ಬುಟ್ಟಿಗಳನ್ನು ನಾವೇ ಹುಡುಕಿ ಕಟ್ಟಿದೆವು.